ಕ್ಯಾಮೆರಾ ಕಟ್ಟೆ: ಮೊದಲು ವಿಮಾನದ ಬೆನ್ನ ಹಿಂದೆ ಹೋಗಿ

ಪ್ರಶ್ನೆ: ಸರ್, ನಾನು ಗೋಕಾಕದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಗೋವಾದ ಬೋಗ್ಮಾಲೊ ರಸ್ತೆಯಲ್ಲಿರುವ ನೌಕಾಪಡೆಯ ವಿಮಾನ ಮ್ಯೂಸಿಯಂಗೆ ಹೋಗಿ ಇನ್ನೂರು ಫೋಟೋ ತೆಗೆದೆ. ಎಲ್ಲಾ ಒಂದೇ ತರಹ. ಮೂತಿ ದೊಡ್ಡದು, ಬಾಲ ಸಣ್ಣದು, ಹಿಂದೆ ಬಿಳಿಚಿಕೊಂಡ ಆಕಾಶ. ಆಟಿಕೆ ಇಟ್ಟಂತೆ ಕಾಣುತ್ತದೆ. ನನ್ನ ಹತ್ತಿರ ಇರುವುದು 18-55 ಲೆನ್ಸ್. ಹೊಸದು ಕೊಳ್ಳಬೇಕಾ?

ಉತ್ತರ: ಬೇಡ, ದುಡ್ಡು ಉಳಿಸಿ. ತಪ್ಪು ಲೆನ್ಸಿನದಲ್ಲ, ನೀವು ನಿಂತ ಜಾಗದ್ದು. ವಿಮಾನ ಕಂಡ ಕೂಡಲೇ ಎಲ್ಲರೂ ಮೂತಿಯ ಎದುರಿಗೇ ಓಡುತ್ತೇವೆ. ಅಷ್ಟು ಹತ್ತಿರದಿಂದ ರೆಕ್ಕೆ ಹಿಡಿಸುವುದಿಲ್ಲ, ಲೆನ್ಸನ್ನು ಅಗಲ ನೋಟ ಕೊಡುವ 18ಕ್ಕೆ ತಿರುಗಿಸುತ್ತೇವೆ. ಮೂತಿ ಬದನೆಕಾಯಿಯಂತೆ ಊದಿಕೊಳ್ಳುತ್ತದೆ. ಲೆನ್ಸನ್ನು 50ರ ಹತ್ತಿರ ಇಟ್ಟು, ಇಡೀ ವಿಮಾನ ಚೌಕಟ್ಟಿನಲ್ಲಿ ಕೂರುವವರೆಗೆ ಹಿಂದೆ ಹಿಂದೆ ನಡೆಯಿರಿ. ಬೆನ್ನ ಹಿಂದೆ ಇನ್ನೊಂದು ವಿಮಾನ ನಿಂತಿರುತ್ತದೆ, ಹುಷಾರು. ನನಗೆ ಒಮ್ಮೆ ರೆಕ್ಕೆಯ ತುದಿ ತಲೆಗೆ ಬಡಿದಿದೆ.

ಆಕಾಶದ ವಿಷಯ. ಸೂರ್ಯ ನಿಮ್ಮ ಬೆನ್ನ ಕಡೆ ಇರುವಂತೆ ವಿಮಾನವನ್ನು ಒಂದು ಸುತ್ತು ಹಾಕಿ, ಆಗ ಎದುರಿನ ಆಕಾಶಕ್ಕೆ ಸ್ವಲ್ಪ ನೀಲಿ ಬರುತ್ತದೆ. ಮೋಡ ಕವಿದಿದ್ದರೆ ಆಕಾಶವನ್ನು ಆದಷ್ಟು ಕತ್ತರಿಸಿಬಿಡಿ. ಇನ್ನು ತಿಳಿಬಣ್ಣದ ವಿಮಾನ ಫ್ರೇಮ್ ತುಂಬಾ ಇದ್ದರೆ ಕ್ಯಾಮೆರಾ ಮೋಸ ಹೋಗುತ್ತದೆ. ಮೂವತ್ತು ವರ್ಷ ಬೆಳಗಾವಿ ಸುತ್ತಮುತ್ತ ಮದುವೆ ಫೋಟೋ ತೆಗೆದವನು ನಾನು. ಬಿಳಿ ಟೋಪಿ, ಬಿಳಿ ಧೋತರದ ಹಿರಿಯರು ಸಾಲಾಗಿ ಕೂತರೆ ಫೋಟೋದಲ್ಲಿ ಎಲ್ಲರ ಬಟ್ಟೆ ಬೂದಿ ಬಣ್ಣ! ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್‌ಗೆ ಬಿಳಿ ಬಟ್ಟೆ ಅಂದರೆ ಏನು ಗೊತ್ತು, ಬೆಳಕು ಜಾಸ್ತಿಯಾಯಿತು ಅಂದುಕೊಂಡು ಕಡಿಮೆ ಮಾಡುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಬೆಳಕು ದುಪ್ಪಟ್ಟಾಗುವಷ್ಟು, ಏರಿಸಿ ನೋಡಿ.

ಇಷ್ಟು ಮಾಡಿದರೆ ಫೋಟೋ ಸರಿಯಾಗುತ್ತದೆ. ಆದರೆ ಇನ್ನೂರೂ ಒಂದೇ ತರಹ ಅಂದಿರಲ್ಲ, ಅದಕ್ಕೆ ಮದ್ದು ಬೇರೆ.

ನನಗೆ ಅದನ್ನು ಕಲಿಸಿದ್ದು ಮೊಮ್ಮಗ. ಅಲ್ಲಿ ಸೀ ಹಾಕ್ ಎಂಬ ಜೆಟ್ ಇದೆ. 1961ರಲ್ಲಿ ನೌಕಾಪಡೆ ಸೇರಿದ ವಿಕ್ರಾಂತ್ ಹಡಗಿನ ಮೇಲಿಂದ ಹಾರುತ್ತಿದ್ದ ಜಾತಿ, 1971ರ ಯುದ್ಧದಲ್ಲಿ ಚಿತ್ತಗಾಂಗ್ ಮೇಲೆ ದಾಳಿ ಮಾಡಿತ್ತು. ನಾನು ಮೂತಿಯ ಎದುರು ಕೂತು ಅಳತೆ ನೋಡುತ್ತಿದ್ದೆ. ಹುಡುಗ ಹಿಂದೆ ಹೋಗಿ ಬಂದು, ‘ಅಜ್ಜಾ, ಇದರ ಬಾಲದಾಗ ತೂತೇ ಇಲ್ಲ, ಹೊಗೆ ಎಲ್ಲಿಂದ ಬರ್ತಿತ್ತು?’ ಅಂದ. ಹೋಗಿ ನೋಡಿದೆ. ಹೌದಲ್ಲ! ಜೆಟ್ ಅಂದರೆ ಹಿಂದೆ ಕೊಳವೆ ಇರಬೇಕು ಅಂತ ನಾನು ನಂಬಿದ್ದೆ. ಸೀ ಹಾಕ್‌ನಲ್ಲಿ ಬಿಸಿಗಾಳಿ ಎರಡಾಗಿ ಸೀಳಿ, ರೆಕ್ಕೆಯ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಬಾಯಿಯಿಂದ ಹೊರಬರುತ್ತದೆ. ಆ ಬಾಯಿಯನ್ನು, ಅದರ ಸುತ್ತಲಿನ ರಿವಿಟ್ ಸಾಲನ್ನು ಸಂಜೆಯ ಓರೆ ಬೆಳಕಿನಲ್ಲಿ ತೆಗೆದೆ. ಆ ದಿನದ ನನ್ನ ಒಳ್ಳೆಯ ಫೋಟೋ ಅದೊಂದೇ.

ಆಮೇಲೆ ನಾನು ಪ್ರತಿ ವಿಮಾನದಲ್ಲೂ ವಿಚಿತ್ರ ಅನ್ನಿಸುವ ಒಂದನ್ನು ಹುಡುಕಿ, ಅಲ್ಲಿಂದ ಶುರು ಮಾಡುತ್ತೇನೆ. ಹಡಗಿನಲ್ಲಿ ಜಾಗ ಕಡಿಮೆ ನೋಡಿ, ಅದಕ್ಕೇ ಸೀ ಹಾಕ್, ಅಲಿಝೆ ಎಂಬ ಪಂಖದ ವಿಮಾನ, ಎರಡಕ್ಕೂ ರೆಕ್ಕೆ ಮಡಚುವ ಕೀಲು. ಸೀ ಹ್ಯಾರಿಯರ್ ಎಂಬ ಜೆಟ್‌ದು ಮೊದಲೇ ಗಿಡ್ಡ ರೆಕ್ಕೆ, ಅದು ಮಡಚುವುದು ಮೂಗನ್ನು! ಅದರ ಪಕ್ಕೆಯಲ್ಲಿ ನಾಲ್ಕು ನಳಿಗೆಗಳಿವೆ. ಅವು ಕೆಳಕ್ಕೆ ತಿರುಗಿದರೆ ವಿಮಾನ ನಿಂತಲ್ಲೇ ಇಳಿಯುತ್ತಿತ್ತು. ಸೂಪರ್ ಕಾನ್‌ಸ್ಟಲೇಶನ್ ಎಂಬ ದೊಡ್ಡ ವಿಮಾನ ಮಾತ್ರ ಹಡಗಿನದಲ್ಲ. ಏರ್ ಇಂಡಿಯಾದಲ್ಲಿ ಪ್ರಯಾಣಿಕರನ್ನು ಹೊತ್ತು, ವಾಯುಪಡೆಯಲ್ಲಿ ದುಡಿದು, ಕೊನೆಗೆ ನೌಕಾಪಡೆಗೆ ಬಂದದ್ದು. ಮೀನಿನಂತೆ ಬಾಗಿದ ಮೈ, ಮೂರು ಬಾಲ. ಇದರ ಮುಂದೆ ಎಲ್ಲರೂ ಸೆಲ್ಫಿ ತೆಗೆಯುತ್ತಾರೆ. ನೀವು ಸುಮ್ನೆ ಹಿಂದೆ ಹೋಗಿ, ಆ ಮೂರು ಬಾಲಗಳನ್ನು ಒಂದರ ಪಕ್ಕ ಒಂದು ಕೂರಿಸಿ ನೋಡಿ.

ಪ್ರಶ್ನೆ: ಗೋವಾದಲ್ಲಿ ಕಾರಿನಿಂದ ಇಳಿದು ಕ್ಯಾಮೆರಾ ತೆಗೆದರೆ ಎಲ್ಲಾ ಮಂಜು ಮಂಜು. ಲೆನ್ಸ್ ಕೆಟ್ಟಿದೆಯೇ? (ಅಥಣಿ)

ಉತ್ತರ: ಕೆಟ್ಟಿಲ್ಲ. ಎಸಿಯಲ್ಲಿ ತಣ್ಣಗಾದ ಗಾಜಿಗೆ ಕರಾವಳಿಯ ಹಸಿಗಾಳಿ ತಾಗಿದರೆ ನೀರು ಕೂರುತ್ತದೆ. ಚೋರ್ಲಾ ಘಾಟಿ ಇಳಿದ ಮೇಲೆ ಎಸಿ ಆರಿಸಿ. ಇಲ್ಲವಾದರೆ ಕ್ಯಾಮೆರಾವನ್ನು ಚೀಲದಲ್ಲೇ ಅರ್ಧ ಗಂಟೆ ಬಿಡಿ. ಒರೆಸುತ್ತಾ ಕೂರಬೇಡಿ, ಮತ್ತೆ ಕೂರುತ್ತದೆ.

ಪ್ರಶ್ನೆ: ಅಷ್ಟು ದೂರ ಯಾಕೆ, ನಮ್ಮ ಸಾಂಬ್ರಾದಲ್ಲೇ ವಿಮಾನದ ಫೋಟೋ ತೆಗೆಯಬಹುದಲ್ಲ? (ಬೆಳಗಾವಿ)

ಉತ್ತರ: ಅಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ಬೇಲಿಯ ಕಡೆಗೆ ಕ್ಯಾಮೆರಾ ಎತ್ತಲೇಬೇಡಿ. ಗೋವಾದ ಮ್ಯೂಸಿಯಂ ಪಕ್ಕದ ದಾಬೋಲಿಮ್ ವಿಮಾನ ನಿಲ್ದಾಣ ಕೂಡ ನೌಕಾಪಡೆಯ ನೆಲೆ. ಮ್ಯೂಸಿಯಂನೊಳಗೂ ಲೆನ್ಸ್ ಪ್ರದರ್ಶನದ ವಿಮಾನಗಳ ಮೇಲಷ್ಟೇ ಇರಲಿ, ರನ್‌ವೇ ಕಡೆ ತಿರುಗದಿರಲಿ.

ಪ್ರಶ್ನೆ: ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ ಮೊದಲೋ, ಗೋವಾ ಮೊದಲೋ? (ಜಮಖಂಡಿ)

ಉತ್ತರ: ನಮ್ಮಲ್ಲೇ ಕಟ್ಟಿದ, 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನ ನೋಡುವ ಆಸೆ ಇದ್ದರೆ ಬೆಂಗಳೂರು. ನಿಮ್ಮ ಊರಿಂದ ಹತ್ತಿರ ಅಂದರೆ ಗೋವಾ. ಸೋಮವಾರ ಮಾತ್ರ ಅಲ್ಲಿಗೆ ಹೋಗಬೇಡಿ, ರಜೆ. ನಾನೊಮ್ಮೆ ಕೇಳದೆ ಹೋಗಿ, ಗೇಟಿನ ಬೀಗ ನೋಡಿ, ಬೋಗ್ಮಾಲೊ ಬೀಚಿನಲ್ಲಿ ದೋಣಿಗಳ ಫೋಟೋ ತೆಗೆದುಕೊಂಡು ಬಂದಿದ್ದೇನೆ.