ಏದುಸಿರಿಗೆ ಹೃದಯದ ಕವಾಟವೂ ಕಾರಣವಿರಬಹುದು

ಪ್ರಶ್ನೆ: ಡಾಕ್ಟರೇ, ನನ್ನ ತಂಗಿಗೆ 29 ವರ್ಷ. ಆರು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದೆ, ರಾತ್ರಿ ಮಲಗಿದ ಮೇಲೆ ಕೆಮ್ಮು ಬರುತ್ತದೆ. ರಕ್ತಹೀನತೆಯ ಮಾತ್ರೆಯಿಂದಲೂ ಅಸ್ತಮಾದ ಔಷಧಿಯಿಂದಲೂ ಗುಣವಾಗಿಲ್ಲ. ಹತ್ತನೆಯ ವಯಸ್ಸಿನಲ್ಲಿ ಅವಳಿಗೆ ಜ್ವರ ಬಂದು, ಕೀಲುಗಳು ಒಂದಾದ ಮೇಲೊಂದು ಊದಿಕೊಂಡಿದ್ದವು. ಇದು ಹೃದಯದ ತೊಂದರೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಇರಬಹುದು. ಆ ಹಳೆಯ ಜ್ವರದ ಸಂಗತಿಯನ್ನು ನೀವು ಮರೆಯದೆ ಬರೆದದ್ದು ಬಹಳ ಒಳ್ಳೆಯದಾಯಿತು. ಗಂಟಲಿಗೆ ತಗಲುವ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಲ್ಲಿ ಕೀಲುನೋವು ವಾಸಿಯಾಗಿ ಹೋಗುತ್ತದೆ, ಆದರೆ ಹೃದಯದ ಕವಾಟಕ್ಕೆ ತಗುಲಿದ ಪೆಟ್ಟು ಉಳಿದು, ಹತ್ತಿಪ್ಪತ್ತು ವರ್ಷಗಳಲ್ಲಿ ಕವಾಟ ದಪ್ಪಗಾಗಿ ಕಿರಿದಾಗಬಹುದು. ಎಡಭಾಗದ ಮೈಟ್ರಲ್ ಕವಾಟದ ಬಾಯಿ ಸಹಜವಾಗಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಅದು ಸುಮಾರು 1.5ಕ್ಕೆ ಇಳಿದಾಗ, ಶ್ರಮಪಟ್ಟೊಡನೆ ಹೃದಯದ ಬಡಿತ ಹೆಚ್ಚಿ, ರಕ್ತ ಕವಾಟ ದಾಟಲು ಸಮಯ ಸಾಲದೆ ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಮಲಗಿದಾಗ ಕಾಲುಗಳ ಕಡೆಯಿಂದ ಹೆಚ್ಚು ರಕ್ತ ಎದೆಗೆ ಮರಳುವುದರಿಂದ ಕೆಮ್ಮು, ಉಸಿರುಕಟ್ಟುವಿಕೆ ರಾತ್ರಿ ಕಾಡುತ್ತವೆ.

"ಏದುಸಿರು ಬರುತ್ತದೆಯೇ" ಎಂದು ಕೇಳಿದರೆ ನಮ್ಮ ಹೆಣ್ಣುಮಕ್ಕಳು ಇಲ್ಲವೆನ್ನುವುದೇ ಹೆಚ್ಚು, ಏಕೆಂದರೆ ಅಷ್ಟರಲ್ಲಿ ಅವರು ಕೆಲಸವನ್ನೇ ತಗ್ಗಿಸಿಕೊಂಡಿರುತ್ತಾರೆ. ಆದ್ದರಿಂದ, ಹೋದ ವರ್ಷ ಸಲೀಸಾಗಿ ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ, ರಾತ್ರಿ ಎಷ್ಟು ದಿಂಬು ಬೇಕಾಗುತ್ತದೆ, ಎದೆ ತಾಳತಪ್ಪಿ ಹೊಡೆದುಕೊಳ್ಳುತ್ತದೆಯೇ, ಸಂಜೆಗೆ ಪಾದ ಊದುತ್ತದೆಯೇ ಎಂದು ತಂಗಿಯನ್ನು ಕೇಳಿ.

ಈ ಕಾಯಿಲೆಯ ಸದ್ದು ಬಹಳ ಮೆಲುವಾದದ್ದು. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ ಕೇಳದಿದ್ದರೆ ಸ್ಟೆತೊಸ್ಕೋಪಿಗೂ ಸಿಗದಿರಬಹುದು. ಇಸಿಜಿ ಒಂದನ್ನೇ ನಂಬದೆ ಎಕೋ ಪರೀಕ್ಷೆ (ಹೃದಯದ ಸ್ಕ್ಯಾನಿಂಗ್) ಮಾಡಿಸಿ; ಅದರಲ್ಲಿ ನೋವೇನೂ ಇಲ್ಲ. ತಂಗಿ ಗರ್ಭಿಣಿಯಾಗುವ ಯೋಚನೆಯಿದ್ದರೆ ಅದಕ್ಕೆ ಮೊದಲೇ ಮಾಡಿಸಿ, ಗರ್ಭಾವಸ್ಥೆಯಲ್ಲಿ ರಕ್ತದ ಪ್ರಮಾಣ ಹೆಚ್ಚಿ ಈ ಕಾಯಿಲೆ ಏಕಾಏಕಿ ಉಲ್ಬಣಿಸಬಹುದು. ಕವಾಟದ ಸ್ಥಿತಿ ಅನುಕೂಲವಾಗಿದ್ದರೆ ಎದೆ ತೆರೆಯದೆಯೇ ಬಲೂನಿನಿಂದ ಹಿಗ್ಗಿಸಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಈ ಚಿಕಿತ್ಸೆಯಲ್ಲಿ ದೀರ್ಘ ಅನುಭವವಿದೆ.

ಕಫದಲ್ಲಿ ರಕ್ತ ಅಥವಾ ಗುಲಾಬಿ ಬಣ್ಣದ ನೊರೆ ಕಂಡರೆ, ಕುಳಿತರೂ ಉಸಿರು ಸಾಲದಿದ್ದರೆ, ಮಾತು ತೊದಲಿ ಕೈಕಾಲಿನ ಸ್ವಾಧೀನ ತಪ್ಪಿದರೆ, ಎಕೋ ದಿನಕ್ಕೆ ಕಾಯದೆ ಕೂಡಲೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.