ಟಾಸ್ ಹಿಂದಿನ ಗೆರೆ ಮುಟ್ಟದಿದ್ದರೆ ಜಿಮ್ ಏನು ಮಾಡೀತು?

ಮಳೆ ಹಿಡಿದದ್ದೇ ತಡ, ಅಡಿಕೆ ಅಂಗಳದಲ್ಲಿ ನೆಟ್ ಕಟ್ಟಿ ಶಟಲ್ ಬ್ಯಾಡ್ಮಿಂಟನ್ ಆಡುತ್ತಿದ್ದವರೆಲ್ಲ ಶಿವಮೊಗ್ಗದ ಒಳಾಂಗಣ ಕೋರ್ಟುಗಳಿಗೆ ಬರುತ್ತಾರೆ. ಅವರ ಹಿಂದೆಯೇ ಅವೇ ಪ್ರಶ್ನೆಗಳು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಈ ಸಲ ಬರೆದೇಬಿಡುತ್ತೇನೆ. ನಿಯಮ, ಪಾಯಿಂಟ್ ಲೆಕ್ಕ ಗೊತ್ತಿಲ್ಲದವರು ಪಕ್ಕದವರನ್ನು ಕೇಳಿಕೊಳ್ಳಿ. ಉತ್ತರಗಳು ಬಲಗೈಯವರಿಗೆ, ಎಡಗೈಯವರು ತಿರುಗಿಸಿ ಓದಿಕೊಳ್ಳಿ.

ಮೂರು ವರ್ಷದಿಂದ ಆಡುತ್ತಿದ್ದೇನೆ. ಎಷ್ಟೇ ಜೋರಾಗಿ ಹೊಡೆದರೂ ಟಾಸ್ (ಎತ್ತರಕ್ಕೆ, ಎದುರಿನ ಹಿಂದಿನ ಗೆರೆಯ ತನಕ ಕಳಿಸುವ ಹೊಡೆತ) ಎದುರಿನ ಅಂಕಣದ ಮಧ್ಯದಲ್ಲೇ ಬೀಳುತ್ತದೆ, ಎದುರಿನವರು ಸ್ಮ್ಯಾಶ್ (ಮೇಲಿಂದ ಕೆಳಕ್ಕೆ ಜೋರಾಗಿ ಬಡಿಯುವ ಹೊಡೆತ) ಹೊಡೆದು ಮುಗಿಸುತ್ತಾರೆ. ಜಿಮ್‌ಗೆ ಸೇರಲೇ? ಭಾರದ ಬ್ಯಾಟ್ ಕೊಳ್ಳಲೇ? (ತೀರ್ಥಹಳ್ಳಿ)

ಎರಡೂ ಬೇಡ. ಕಾಕ್‌ನ, ಅಂದರೆ ಗರಿಯ ಶಟಲ್‌ನ, ತೂಕ 4.74ರಿಂದ 5.50 ಗ್ರಾಂ. ಅದನ್ನು ಅಂಕಣದ ಉದ್ದ, 13.4 ಮೀಟರ್ ದಾಟಿಸಲು ತೋಳು ದಪ್ಪಗಿರಬೇಕಿಲ್ಲ. ಸರಿಯಾಗಿ ಕಲಿತ ಸಣಕಲು ಮಕ್ಕಳು ಈ ಗೆರೆಯಿಂದ ಆ ಗೆರೆಗೆ ಆರಾಮಾಗಿ ಕಳಿಸುತ್ತಾರೆ, ಜಿಮ್ ಮೈಯವರು ಉಸಿರು ಬಿಡುತ್ತ ನೋಡುತ್ತಾರೆ.

ಮೊದಲು ಕಾಕ್ ನೋಡಿ. ಹಿಂದಿನ ಗೆರೆಯ ಮೇಲೆ ನಿಂತು, ಕೆಳಗಿನಿಂದ ಮೇಲಕ್ಕೆ ಪೂರ್ತಿ ಬೀಸಿ ಹೊಡೆಯಿರಿ. ಅದು ಎದುರಿನ ಹಿಂದಿನ ಗೆರೆಗಿಂತ 53ರಿಂದ 99 ಸೆಂ.ಮೀ. ಒಳಗೆ ಬೀಳಬೇಕು. ಅದಕ್ಕೂ ಮೊದಲೇ ಬಿದ್ದರೆ ಕಾಕ್ ನಿಧಾನದ್ದು. ತಂಪು ಹವೆಯಲ್ಲಿ ಕಾಕ್ ಕಡಿಮೆ ದೂರ ಹೋಗುತ್ತದೆ. ಡಬ್ಬಿಯ ಮೇಲಿನ ಸಂಖ್ಯೆ ಕಾಕ್‌ನ ವೇಗದ್ದು, ಹೆಚ್ಚಿದ್ದಷ್ಟೂ ದೂರ ಹೋಗುತ್ತದೆ; ಬೇಸಿಗೆಯಲ್ಲಿ ತಂದ 76ರ ಡಬ್ಬಿಯನ್ನೇ ಮಳೆಗಾಲಕ್ಕೂ ಎಳೆಯುವವರು 77 ಹಾಕಿ ನೋಡಲಿ. ಆದರೆ ಹತ್ತರಲ್ಲಿ ಒಂಬತ್ತು ಜನರಿಗೆ ತಪ್ಪು ಕಾಕ್‌ನದಲ್ಲ.

ತಪ್ಪು ಹಿಡಿತದ್ದು. ನೀವು ಬ್ಯಾಟನ್ನು ಸೊಳ್ಳೆ ಬ್ಯಾಟ್ ಹಿಡಿದ ಹಾಗೆ, ಜಾಲರಿ ಮುಖಕ್ಕೆ ನೇರ ಇರುವಂತೆ ಹಿಡಿದಿರುತ್ತೀರಿ. ಆ ಹಿಡಿತದಲ್ಲಿ ಮಣಿಕಟ್ಟು ಮುಂದಕ್ಕೆ ಬಾಗುತ್ತದೆ, ಅಷ್ಟೇ. ದೂರ ಹೋಗುವ ಹೊಡೆತಕ್ಕೆ ಮುಂಗೈ ತಿರುಗಬೇಕು. ಬ್ಯಾಟಿನ ಅಂಚು ನೆಲಕ್ಕೆ ಮುಖ ಮಾಡುವಂತೆ ಇಟ್ಟು ಪಕ್ಕದಿಂದ ಹಿಡಿಯಿರಿ. ಹೆಬ್ಬೆರಳು, ತೋರುಬೆರಳಿನ ನಡುವಿನ ಸಂದು ಹಿಡಿಯ ಮೇಲಿನ ಕಿರಿದಾದ ಅಂಚಿನ ಮೇಲೆ ಕೂರಲಿ. ಹೊಡೆಯುವ ಮುನ್ನ ಅಂಗೈ ನಿಮ್ಮ ತಲೆಯ ಕಡೆಗಿರುತ್ತದೆ, ಹೊಡೆದ ಮೇಲೆ ಹೊರಗೆ ಬಲಕ್ಕೆ ತಿರುಗಿರಬೇಕು. ಬೆರಳು ಸಡಿಲವಾಗಿರಲಿ, ಕಾಕ್ ತಾಗುವ ಗಳಿಗೆಯಲ್ಲಿ ಮಾತ್ರ ಬಿಗಿ. ಶುರುವಿನಿಂದಲೂ ಹಿಡಿಯನ್ನು ಹಿಸುಕಿ ಹಿಡಿದರೆ ಮುಂಗೈ ತಿರುಗುವುದೇ ಇಲ್ಲ.

ಹಿಡಿತ ಬದಲಿಸಿದ ಮೊದಲ ಕೆಲವು ವಾರ ಆಟ ಕೆಡುತ್ತದೆ. ಕಾಕ್ ಚೌಕಟ್ಟಿಗೆ ತಾಗುತ್ತದೆ, ಎಡಕ್ಕೆ ಬಲಕ್ಕೆ ಓಡುತ್ತದೆ, ಜೊತೆಗಾರ ನಗುತ್ತಾನೆ. ಇಲ್ಲೇ ಎಲ್ಲರೂ ಹಳೇ ಹಿಡಿತಕ್ಕೆ ಮರಳುವುದು. ಆ ವಾರಗಳಲ್ಲಿ ಮ್ಯಾಚ್ ಆಡಬೇಡಿ, ಪಂದ್ಯದ ಬಿಸಿಯಲ್ಲಿ ಕೈ ತಾನಾಗಿ ಹಳೇ ಜಾಗಕ್ಕೇ ಜಾರುತ್ತದೆ. ನಮ್ಮ ಕಡೆ ಶಾಲೆ ಮೈದಾನದಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿ ಬಂದವರಿಗೆ ಇದು ಇನ್ನೂ ಕಷ್ಟ. ಆ ಉಣ್ಣೆ ಚೆಂಡು 27–28 ಗ್ರಾಂ, ಅದಕ್ಕೆ ಭುಜ ಹಾಕಿ ಹೊಡೆದ ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ.

ಇನ್ನೊಂದು ತಪ್ಪು ಕಾಲಿನದು. ಜೊತೆಗಾರನಿಗೆ ಎತ್ತರಕ್ಕೆ ಕಾಕ್ ಎತ್ತಲು ಹೇಳಿ. ನೀವು ಹೊಡೆಯಬೇಡಿ, ಅದರ ಕೆಳಗೆ ಓಡಿ ಹೋಗಿ ಎಡಗೈ ಮೇಲೆತ್ತಿ ಹಿಡಿಯಿರಿ. ಕೈ ಹಣೆಗಿಂತ ಮುಂದೆ, ಮೇಲೆ ಇದ್ದರೆ ಸರಿ. ಕಿವಿಯ ಹಿಂದೆ ಸಿಕ್ಕಿತೋ, ಬೆನ್ನು ಬಾಗಿತೋ, ನೀವು ತಡವಾಗಿ ಹೋಗಿದ್ದೀರಿ. ಎಲ್ಲ ರೋಗ ಅಲ್ಲೇ. ಎದುರಿನವನ ಬ್ಯಾಟಿಗೆ ಕಾಕ್ ತಾಗಿದ ತಕ್ಷಣ ಬಲಗಾಲು ಹಿಂದೆ ಹೋಗಿ ಮೈ ಪಕ್ಕಕ್ಕೆ ತಿರುಗಿರಬೇಕು. ಎದೆಯನ್ನು ನೆಟ್ಟಿಗೆ ಕೊಟ್ಟು ಹಿಂದಕ್ಕೆ ಕುಪ್ಪಳಿಸುವವರ ಹೊಡೆತದಲ್ಲಿ ಕೈ ಬಿಟ್ಟರೆ ಬೇರೇನೂ ಇರುವುದಿಲ್ಲ. ಹೊಡೆಯುವಾಗ ಸೊಂಟ ತಿರುಗಿ ಬಲಗಾಲು ಮುಂದೆ ಬರಲಿ, ಎಡಗೈ ಹೊಟ್ಟೆಯ ಕಡೆ ಸೇರಲಿ. ಬರೀ ಈ ಹಿಡಿಯುವ ಅಭ್ಯಾಸವನ್ನೇ ದಿನಾ ಹತ್ತು ನಿಮಿಷ ಮಾಡಿ. ಬೇಸರ ಬರುತ್ತದೆ, ಬರಲಿ.

ಜಂಪ್ ಸ್ಮ್ಯಾಶ್ (ಹಾರಿ ಹೊಡೆಯುವ ಸ್ಮ್ಯಾಶ್) ಕಲಿಸುತ್ತೀರಾ? (ಸಾಗರ)

ನಿಂತು ಹೊಡೆದ ಸ್ಮ್ಯಾಶ್ ಹತ್ತರಲ್ಲಿ ಎಂಟು ಒಳಗೆ ಬಿದ್ದ ಮೇಲೆ ಬನ್ನಿ. 1980ರ ಆಲ್ ಇಂಗ್ಲೆಂಡ್ ಟೂರ್ನಿಯ ಫೈನಲ್‌ನಲ್ಲಿ ಜಂಪ್ ಸ್ಮ್ಯಾಶ್‌ಗೆ ಹೆಸರಾಗಿದ್ದ ಲಿಮ್ ಸ್ವೀ ಕಿಂಗ್‌ರನ್ನು ಪ್ರಕಾಶ್ ಪಡುಕೋಣೆ ನೇರ ಗೇಮ್‌ಗಳಲ್ಲಿ ಸೋಲಿಸಿದ್ದು ಹಾರಿ ಅಲ್ಲ. ಸಿಮೆಂಟ್ ನೆಲದ ಮೇಲಂತೂ ಹಾರಲೇಬೇಡಿ.

ಸ್ಮ್ಯಾಶ್ ಮಾಡಿದರೆ ಭುಜ ನೋಯುತ್ತದೆ. ನರ ಎಳೆದು ಕೂರಿಸುವವರೊಬ್ಬರು ಊರಲ್ಲಿದ್ದಾರೆ, ತೋರಿಸಲೇ? (ಹೊಸನಗರ)

ಬೇಡ ಅಂದರೆ ಬೇಡ. ಭುಜದಲ್ಲಿ ಎಳೆದು ಕೂರಿಸುವಂಥ ನರ ಯಾವುದೂ ಇಲ್ಲ. ನೋಯುವುದು ಸಾಮಾನ್ಯವಾಗಿ ತೋಳನ್ನು ಕೀಲಿನಲ್ಲಿ ಹಿಡಿದಿಡುವ ಸಣ್ಣ ಸ್ನಾಯುಗಳ ತುದಿ. ಅದನ್ನು ಜಗ್ಗಿದರೆ ಹರಿದೀತು. ಬೆಚ್ಚಗಿನ ಎಣ್ಣೆ ಹಚ್ಚಿ ಮರುದಿನ ಮತ್ತೆ ಆಡುವುದೂ ಅದೇ ಮೂರ್ಖತನ. ಈ ವಿಷಯದಲ್ಲಿ ನಾನು ಅಂಜುಬುರುಕ: ತಲೆ ಮೇಲಿನ ಹೊಡೆತ ಪೂರ್ತಿ ನಿಲ್ಲಿಸಿ, ಎರಡು ವಾರದಲ್ಲಿ ಇಳಿಯದಿದ್ದರೆ ಮೂಳೆ ಡಾಕ್ಟರ ಹತ್ತಿರ ಹೋಗಿ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿದ್ದರೆ, ಕೈ ಎತ್ತಲಾಗದಿದ್ದರೆ ಎರಡು ವಾರ ಕಾಯುವುದೂ ಬೇಡ.

ಗರಿ ಕಾಕ್‌ಗೆ ಆವಿ ಹಿಡಿಸಬೇಕಂತೆ, ಹೌದೇ? (ಆಗುಂಬೆ)

ಒಣ ಹವೆಯಲ್ಲಿ ಗರಿ ಮುರಿಯದಿರಲಿ ಎಂದು ಮಾಡುವ ಉಪಾಯ ಅದು. ಜುಲೈನಲ್ಲಿ, ಆಗುಂಬೆಯಲ್ಲಿ, ಆವಿಯೇ?

28 ಪೌಂಡ್ ಬಿಗಿತದಲ್ಲಿ ಗಟ್ಟಿಂಗ್ (ಬ್ಯಾಟಿನ ತಂತಿ) ಹಾಕಿಸಿದರೆ ಸ್ಮ್ಯಾಶ್ ಜೋರಾಗುತ್ತದೆಯೇ? (ಭದ್ರಾವತಿ)

ಇಲ್ಲ. 22–23 ಹಾಕಿಸಿ.