ಕೊಡಗಿನ ಹಳ್ಳಿ ಆಸ್ಪತ್ರೆಗಳಿಗೆ ಡಾಕ್ಟರ್, ನರ್ಸ್ ಸಿಗಬೇಕಾದರೆ ಸಂಬಳ ಜಾಸ್ತಿ ಮಾಡಿದರೆ ಸಾಕಾ?

ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ, ಕೊಡಗಿನ ಖಾಲಿ ಹುದ್ದೆಗಳ ಬಗ್ಗೆ ಪ್ರಾಜೆಕ್ಟ್ ಬರೆಯಬೇಕು, ಸಂಬಳ ಏರಿಸಿದರೆ ಸಾಕಾ ಅಂತ ಕೇಳಿದ್ದೀರಿ. ನಾನು ದಕ್ಷಿಣ ಕೊಡಗಿನ ಒಂದು ಪಿಎಚ್‌ಸಿಯಲ್ಲಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, 19 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಸಂಬಳ ಖಂಡಿತ ಬೇಕು. ಆದರೆ ಸಂಬಳ ನೋಡಿ ಬಂದವರು ಮಳೆಗಾಲ ನೋಡಿ ಹೋಗುತ್ತಾರೆ.

ನಾನಿದ್ದಾಗ ಏಳು ಡಾಕ್ಟರು ಬಂದು ಹೋದರು. ಕೆಲಸಕ್ಕೆ ಹಿಂದೇಟು ಹಾಕಿದವರು ಒಬ್ಬರೂ ಇಲ್ಲ. ಅವರಲ್ಲಿ ಒಬ್ಬರ ಹೆಂಡತಿಗೆ ಮೈಸೂರಲ್ಲಿ ಕೆಲಸ, ಮಗು ಅಲ್ಲೇ ಶಾಲೆಗೆ ಹೋಗುತ್ತಿತ್ತು. ಇಲ್ಲಿ ಕ್ವಾರ್ಟರ್ಸ್ ಸೋರುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿದರೆ ನಾಲ್ಕೈದು ದಿನ ಕರೆಂಟ್ ಇಲ್ಲ, ಮರ ಬಿದ್ದು ರಸ್ತೆ ಬಂದ್. ಎರಡು ಮಳೆಗಾಲ ತಡೆದರು. ಹೊರಡುವ ದಿನ ಅವರ ಕಣ್ಣಲ್ಲೂ ನೀರು, ನಮ್ಮ ಕಣ್ಣಲ್ಲೂ ನೀರು. ಆಮೇಲೆ ಹನ್ನೊಂದು ತಿಂಗಳು ಪಕ್ಕದ ಪಿಎಚ್‌ಸಿಯ ಡಾಕ್ಟರೇ ವಾರಕ್ಕೆ ಎರಡು ದಿನ ಬಂದು ನೋಡುತ್ತಿದ್ದರು. ಮಿಕ್ಕ ದಿನ ಹೆರಿಗೆ ನೋವು ಬಂದವರನ್ನು ಕಂಡರೆ ನನಗೆ ಕೈಕಾಲು ನಡುಗುತ್ತಿತ್ತು.

ಇನ್ನು ಲೆಕ್ಕದ ವಿಷಯ. ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪಿಎಚ್‌ಸಿ ಇರಬೇಕು ಅನ್ನುವುದು ನಿಯಮ, ಬಯಲಿನಲ್ಲಿ 30,000ಕ್ಕೆ ಒಂದು. 2011ರ ಜನಗಣತಿಯಲ್ಲಿ ಕೊಡಗಿನ ಜನ 5,54,519. ಜಿಲ್ಲೆಯ ವಿಸ್ತಾರ 4,102 ಚದರ ಕಿಲೋಮೀಟರ್. ಅಂದರೆ ಜನ ಕಡಿಮೆ, ಜಾಗ ಜಾಸ್ತಿ, ಮನೆಗಳು ತೋಟದೊಳಗೆ ದೂರ ದೂರ. ಆನೆ ಇದ್ದ ಕಡೆ ಬಿಸಿಲೇರುವ ತನಕ ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಒಬ್ಬಳೇ ನಡೆದು ಹೋಗಲಾರಳು. ಕಾಫಿ ಕುಯ್ಲಿನ ಸಮಯಕ್ಕೆ ಅಸ್ಸಾಂ ಕಡೆಯಿಂದ ಕಾರ್ಮಿಕರು ಬಂದು ತೋಟದ ಲೈನ್ ಮನೆಗಳು (ಕಾರ್ಮಿಕರ ಸಾಲು ಮನೆಗಳು) ತುಂಬುತ್ತವೆ. ಗರ್ಭಿಣಿಯರು, ಲಸಿಕೆ ಹಾಕಬೇಕಾದ ಮಕ್ಕಳು, ಭಾಷೆ ಬೇರೆ. ನಮ್ಮ ಪಿಎಚ್‌ಸಿಯ ಪಟ್ಟಿಯಲ್ಲಿ ಅವರಿಗೆ ಜಾಗವೇ ಇರಲಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಬ್ಬ ನರ್ಸ್ ಜಾಸ್ತಿ ಕೊಡಿ ಅಂತ ನಾನು ಪ್ರತಿ ವರ್ಷ ಬರೆದುಕೊಟ್ಟಿದ್ದೇನೆ. ದಯವಿಟ್ಟು ನಿಮ್ಮ ಪ್ರಾಜೆಕ್ಟ್‌ನಲ್ಲಿ ಇದನ್ನು ಬರೆಯಿರಿ.

ಖಾಲಿ ಹುದ್ದೆ ಎಣಿಸುವಾಗ ಡೆಪ್ಯುಟೇಷನ್, ಅಂದರೆ ಬೇರೆ ಕಡೆ ಕೆಲಸಕ್ಕೆ ಕಳಿಸಿದವರನ್ನು ಕೂಡ ನೋಡಿ. ನಮ್ಮ ಲ್ಯಾಬ್ ಟೆಕ್ನಿಷಿಯನ್ ಹುದ್ದೆ ಕಾಗದದಲ್ಲಿ ಭರ್ತಿ, ಮನುಷ್ಯ ಮಾತ್ರ ಬೇರೆ ಊರಲ್ಲಿ.

ಹಾಗಾದರೆ ಯಾರು ಉಳಿಯುತ್ತಾರೆ? ಇಲ್ಲೇ ಹುಟ್ಟಿ ಬೆಳೆದವರು. ಹಳ್ಳಿ ಮಕ್ಕಳನ್ನೇ ಆರಿಸಿ ಓದಿಸಿ, ಹಳ್ಳಿ ಆಸ್ಪತ್ರೆಗಳಲ್ಲೇ ತರಬೇತಿ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ. ಅಮೆರಿಕದ ಅಲಾಸ್ಕಾ, ಮೊಂಟಾನಾ, ಐಡಾಹೊ ರಾಜ್ಯಗಳಲ್ಲಿ ಆಗ ಮೆಡಿಕಲ್ ಕಾಲೇಜೇ ಇರಲಿಲ್ಲ. ಅವು 1971ರ ಹೊತ್ತಿಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜತೆ ಸೇರಿ ತಮ್ಮ ಮಕ್ಕಳಿಗೆ ತಮ್ಮ ಸಣ್ಣ ಊರುಗಳಲ್ಲೇ ಕಲಿಸಲು ಶುರು ಮಾಡಿದವು. ನಮಗೆ ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಅಲ್ಲಿನ ಮಕ್ಕಳು ನಾಪೋಕ್ಲು, ಕುಟ್ಟದಂಥ ಕಡೆ ತಿಂಗಳುಗಟ್ಟಲೆ ಇದ್ದು ಕಲಿಯಬೇಕು. ಡಾಕ್ಟರ್ ಓದು ಮುಗಿಸಿದವರಿಗೆ ರಾಜ್ಯದ 2012ರ ಕಾನೂನು ತಂದ ಒಂದು ವರ್ಷದ ಕಡ್ಡಾಯ ಸರ್ಕಾರಿ ಸೇವೆ ಒಳ್ಳೆಯದೇ ಆಗಿತ್ತು, ಆದರೆ ವರ್ಷ ಮುಗಿದ ಮೇಲೆ ಅವರನ್ನು ಹಿಡಿದಿಡುವುದು ಏನು?

ನರ್ಸ್‌ಗಳ ವಿಷಯದಲ್ಲಿ ಇದು ಇನ್ನೂ ಸುಲಭ. ನಮ್ಮಲ್ಲಿ ಒಬ್ಬಳು ಯರವ ಬುಡಕಟ್ಟಿನ ಹುಡುಗಿ ಅವರ ಹಾಡಿಯಿಂದ (ಬುಡಕಟ್ಟು ಜನರ ಊರು) ಬಂದು ನರ್ಸಿಂಗ್ ಮುಗಿಸಿ ಸೇರಿದಳು. ಅವಳು ಅವರದೇ ಮಾತಲ್ಲಿ ಕರೆದರೆ, ಹೆರಿಗೆಗೆ ಆಸ್ಪತ್ರೆ ಬೇಡ ಅನ್ನುತ್ತಿದ್ದ ಹೆಂಗಸರೂ ಬರುತ್ತಿದ್ದರು. ಅಂಥ ಹತ್ತು ಹುಡುಗಿಯರಿಗೆ ಫೀಸು, ಹಾಸ್ಟೆಲ್ ಕೊಟ್ಟು, ಊರ ಹತ್ತಿರವೇ ಕಾಯಂ ಕೆಲಸ ಕೊಡಲಿ. ಗುತ್ತಿಗೆ ಮೇಲೆ ವರ್ಷ ವರ್ಷ ನವೀಕರಣಕ್ಕೆ ಕಾಯುತ್ತಾ ಯಾರು ತಾನೇ ನೆಲೆ ನಿಲ್ಲುತ್ತಾರೆ?

ನೀವು ನೋಡಲು ಬರುವುದಾದರೆ ಜುಲೈನಲ್ಲೇ ಬನ್ನಿ. ಆಶಾ ಜತೆ ಒಂದು ದಿನ ಲೈನ್ ಮನೆ, ಹಾಡಿ ಎಲ್ಲಾ ನಡೆದು ನೋಡಿ. ಜಿಗಣೆಗೆ ಒಂದಿಷ್ಟು ಉಪ್ಪು ಕಟ್ಟಿಕೊಂಡು ಬನ್ನಿ.